ಕಾಕ್‌ಪಿಟ್ಟಿನ ಮೂರನೇ ಸೀಟು

(ಕಾಸರಗೋಡಿನ ಗ್ರಂಥಾಲಯವೊಂದರ ತಿಂಗಳ ಕೂಟದಲ್ಲಿ ನಿವೃತ್ತ ಪೈಲಟ್ ಒಬ್ಬರು ಆಡಿದ ಮಾತುಗಳ ಬರಹ ರೂಪ)

ನಮ್ಮ ಜಿಲ್ಲೆಯಲ್ಲಿ ವಿಮಾನ ನಿಲ್ದಾಣ ಇಲ್ಲ. ಆದರೆ ವಿಮಾನ ಹತ್ತಿದವರು ಇಲ್ಲದ ಮನೆಯನ್ನು ಹುಡುಕಬೇಕು. ಮೊದಲೆಲ್ಲ ಮಂಗಳೂರಿನ ಬಜ್ಪೆ ಒಂದೇ, 2018ರ ಡಿಸೆಂಬರಿನಿಂದ ಕಣ್ಣೂರೂ ಸೇರಿತು. ದುಬೈ, ಶಾರ್ಜಾ, ದೋಹಾ ಎಲ್ಲ ನಮಗೆ ನೆರೆಮನೆಯ ಮಾತು. ಹಾಗಾಗಿ ಯಾವ ಸಾಲಿನಲ್ಲಿ ಕಾಲು ಚಾಚಬಹುದು, ಯಾವ ಸಾಲಿಗೆ ಶೌಚಾಲಯದ ವಾಸನೆ ಬರುತ್ತದೆ ಎಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ನಾನು ಹೇಳಲಿಕ್ಕೆ ಹೊರಟದ್ದು ಎಷ್ಟು ದುಡ್ಡು ಕೊಟ್ಟರೂ ಬುಕ್ ಮಾಡಲಾಗದ ಒಂದು ಸೀಟಿನ ವಿಷಯ. ಅದರಲ್ಲಿ ಕೂತವರ ನಡತೆಯ ವಿಷಯ.

ಕಾಕ್‌ಪಿಟ್ಟಿನಲ್ಲಿ ಎಡಗಡೆ ಕ್ಯಾಪ್ಟನ್, ಬಲಗಡೆ ಫಸ್ಟ್ ಆಫೀಸರ್. ಇವರಿಬ್ಬರ ಹಿಂದೆ ಇರುವುದಕ್ಕೆ ಜಂಪ್‌ಸೀಟ್ ಎನ್ನುತ್ತೇವೆ. ಸೀಟು ಎಂದ ಕೂಡಲೇ ಮೆತ್ತಗಿನ ಕುರ್ಚಿಯನ್ನು ಕಲ್ಪಿಸಿಕೊಳ್ಳಬೇಡಿ. ಬೋಯಿಂಗ್ 737ರಲ್ಲಿ ಅದನ್ನು ಮಡಚಿ ಗೋಡೆಗೆ ಸೇರಿಸಿ ಇಟ್ಟಿರುತ್ತಾರೆ. ಬಿಡಿಸಿದರೆ ಸರಿಯಾಗಿ ಬಾಗಿಲಿನ ದಾರಿಗೇ ಅಡ್ಡ ಬರುತ್ತದೆ. ಬೆನ್ನ ಹಿಂದೆ ಗುಂಡು ತಡೆಯುವ ಬಾಗಿಲು, ತಲೆಯ ಮೇಲೆ ಸ್ವಿಚ್ಚುಗಳ ಸಾಲು, ಮೊಣಕಾಲಿನ ಮುಂದೆ, ಎಂಜಿನ್‌ನ ಬಲ ಹೆಚ್ಚುಕಮ್ಮಿ ಮಾಡುವ ಥ್ರಾಟಲ್ ಇರುವ ನಡುದಿಂಡು. ಎತ್ತರದ ಆಳಾದರೆ ಮೈಯನ್ನೆಲ್ಲ ಕುಗ್ಗಿಸಿಕೊಂಡು ಕೂರಬೇಕು. ಪೈಲಟ್‌ಗಳಲ್ಲಿ ಯಾರಿಗಾದರೂ ಶೌಚಕ್ಕೆ ಹೋಗಬೇಕೆಂದರೆ ಮೊದಲು ಇವನು ಬೆಲ್ಟ್ ಬಿಚ್ಚಿ, ಎದ್ದು, ಸೀಟು ಮಡಚಿ, ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ಅವರು ಬಂದ ಮೇಲೆ ಇದೇ ಕ್ರಮ ತಿರುಗಾ ಮುರುಗಾ.

ಆದರೂ ಈ ಸೀಟಿಗೆ ಜನ ಬರುತ್ತಾರೆ. ವಿಮಾನಯಾನದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ಇನ್‌ಸ್ಪೆಕ್ಟರ್ ಬರುತ್ತಾರೆ, ಕಂಪನಿಯ ಚೆಕ್ ಪೈಲಟ್ ಬರುತ್ತಾರೆ. ಕಾಕ್‌ಪಿಟ್ಟಿನೊಳಗಿನ ಕೆಲಸ ಹೇಗೆ ನಡೆಯುತ್ತದೆಂದು ತಿಳಿಯಲು, ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ಎಟಿಸಿಯವರು ಬರುವುದುಂಟು. ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಹಾರಿಸುವ ಮೊದಲು ಇಲ್ಲೇ ಕೂತು ನೋಡಿ ಕಲಿಯುತ್ತಾರೆ. ಅವರು ಬಲಗಡೆಯ ಸೀಟಿಗೆ ಹೋದ ಮೇಲೂ ಶುರುವಿನ ಕೆಲವು ಹಾರಾಟಗಳಲ್ಲಿ ಅನುಭವಿ ಫಸ್ಟ್ ಆಫೀಸರ್ ಒಬ್ಬರು 'ಸೇಫ್ಟಿ ಪೈಲಟ್' ಎಂಬ ಹೆಸರಿನಲ್ಲಿ ಹಿಂದೆ ಇರುತ್ತಾರೆ. ಮತ್ತೆ, ಹಿಂದೆ ಸೀಟೆಲ್ಲ ಭರ್ತಿಯಾಗಿ ಊರಿಗೆ ಹೋಗಲಿಕ್ಕೋ ಡ್ಯೂಟಿಗೆ ಹೋಗಲಿಕ್ಕೋ ದಾರಿ ಇಲ್ಲದ ನಮ್ಮದೇ ಪೈಲಟ್‌ಗಳು. ಅಮೆರಿಕದಲ್ಲಿ ಈ ಕೊನೆಯ ಜಾತಿಯವರದ್ದೇ ದೊಡ್ಡ ಸಂಖ್ಯೆ. ಅಲ್ಲಿ ಪೈಲಟ್ ಇರುವ ಊರು ಒಂದು, ಡ್ಯೂಟಿ ಶುರುವಾಗುವ ಊರು ಇನ್ನೊಂದು. ಒಂದು ಕಂಪನಿಯ ಪೈಲಟ್ ಇನ್ನೊಂದು ಕಂಪನಿಯ ಕಾಕ್‌ಪಿಟ್ಟಿನಲ್ಲಿ ಕೂತು ಕೆಲಸಕ್ಕೆ ಹೋಗುವ ಒಪ್ಪಂದಗಳು ಉಂಟು. ಬಂದವನು ನಿಜವಾಗಿ ಆ ಕಂಪನಿಯ ಪೈಲಟ್ ಹೌದೋ ಅಲ್ಲವೋ ಎಂದು ಗೇಟಿನಲ್ಲೇ ಕಂಪ್ಯೂಟರ್ ಮೂಲಕ ತಾಳೆ ನೋಡುತ್ತಾರೆ.

ಯಕ್ಷಗಾನದವರು ವೇಷ ಕಟ್ಟುವ ಚೌಕಿಯೊಳಗೆ ಹೋಗಿ ಕೂತವರು ನಿಮ್ಮಲ್ಲಿ ಬೇಕಾದಷ್ಟು ಜನ ಇದ್ದೀರಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರಿಗೆ ಇದನ್ನು ವಿವರಿಸುವುದು ಅಧಿಕಪ್ರಸಂಗ. ಬಣ್ಣದ ವೇಷದವನು ಮುಖಕ್ಕೆ ಚಿಟ್ಟಿ ಇಡುತ್ತಾ ಇರುವಾಗ ತಿಳಿದವನು ಮಾತಾಡಿಸುವುದಿಲ್ಲ. ಕಿರೀಟ ಮುಟ್ಟುವುದಿಲ್ಲ. ಕಾಲು ಮಡಚಿ ಮೂಲೆಯಲ್ಲಿ ಕೂರುತ್ತಾನೆ. ಆದರೆ ದೀಪದ ಬತ್ತಿಗೆ ವೇಷದ ಸೆರಗು ತಾಗುವುದು ಕಂಡರೆ ಅವನೇ ಮೊದಲು ಕೂಗಬೇಕು. ಜಂಪ್‌ಸೀಟಿನವನ ಸ್ಥಾನವೂ ಹೆಚ್ಚುಕಮ್ಮಿ ಅಷ್ಟೇ. ಇವತ್ತಿನ ನನ್ನ ಮಾತೆಲ್ಲ ಯಾವಾಗ ಸುಮ್ಮನಿರಬೇಕು, ಯಾವಾಗ ಬಾಯಿ ಬಿಡಬೇಕು ಎಂಬುದರ ಸುತ್ತವೇ.

ಮೊದಲನೆಯದು ಅನುಮತಿ ಕೇಳುವುದು. ಆಫೀಸಿನವರು ಪಾಸ್ ಕೊಟ್ಟಿರಬಹುದು, ಗೇಟಿನವರು ಬಿಟ್ಟಿರಬಹುದು. ಆದರೂ ಕಾಕ್‌ಪಿಟ್ಟಿನ ಹೊಸ್ತಿಲಲ್ಲಿ ನಿಂತು, ಹೆಸರು ಹೇಳಿ, ಐಡಿ ಕಾರ್ಡ್ ತೋರಿಸಿ, "ಕ್ಯಾಪ್ಟನ್, ನಿಮ್ಮ ಜೊತೆ ಬರಬಹುದಾ?" ಎಂದು ಕೇಳಬೇಕು. ಬೇಡ ಎನ್ನುವ ಅಧಿಕಾರ ಕ್ಯಾಪ್ಟನ್‌ಗೆ ಉಂಟು. ಬೇಡ ಎಂದರೆ ಕಾರಣ ಕೇಳಬಾರದು. ಕೇಳುವ ಹೊತ್ತನ್ನೂ ನೋಡಬೇಕು. ಇಬ್ಬರೂ ತಲೆ ಬಗ್ಗಿಸಿ ಕಂಪ್ಯೂಟರಿಗೆ ದಾರಿ ತುಂಬಿಸುತ್ತಾ, ಒಬ್ಬರು ಓದಿದ್ದನ್ನು ಇನ್ನೊಬ್ಬರು ತಾಳೆ ನೋಡುತ್ತಾ ಇರುವಾಗ ಬಾಗಿಲಲ್ಲಿ "ಹಲೋ ಸಾರ್" ಎಂದರೆ ಓದಿದ ಸಾಲು ತಪ್ಪಿಹೋಗುತ್ತದೆ. ಅರ್ಧ ನಿಮಿಷ ತಡೆದು ನಿಂತರೆ ಯಾರ ಗಂಟೂ ಹೋಗುವುದಿಲ್ಲ. ಪರಿಚಯ ಫಸ್ಟ್ ಆಫೀಸರಿಗೂ ಆಗಬೇಕು. ಕ್ಯಾಪ್ಟನ್‌ಗೆ ಮಾತ್ರ ಕೈ ಕೊಟ್ಟು, ಬಲಗಡೆಯವನು ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ ಕೂರುವವರನ್ನು ನಾನು ಕಂಡಿದ್ದೇನೆ. ಆ ದಿನ ವಿಮಾನ ಹಾರಿಸುವ ಸರದಿ ಅವನದ್ದೇ ಆಗಿರುವುದೂ ಉಂಟು.

ಕೂತ ಮೇಲಿನ ಸಂಗತಿಗಳು ಕೇಳಲಿಕ್ಕೆ ಸಣ್ಣವು, ಸಹಿಸಲಿಕ್ಕೆ ಸಣ್ಣವಲ್ಲ. ಶೂ ಬಿಚ್ಚುವವರು. ಮೊಬೈಲಿನಲ್ಲಿ ವೀಡಿಯೋ ಮಾಡುವವರು. ಕಾಲನ್ನು ನಡುದಿಂಡಿನ ಅಂಚಿಗೆ ಊರುವವರು. ಗೊರಕೆ ಹೊಡೆಯುವವರು. ರಾತ್ರಿ ಡ್ಯೂಟಿ ಮುಗಿಸಿ ಬಂದವನಿಗೆ ಕಣ್ಣು ಕೂರುವುದು ಸಹಜ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಎಚ್ಚರವಾಗಿ ಇರಲೇಬೇಕಾದ ಇಬ್ಬರು ಮುಂದೆ ಕೂತಿರುವಾಗ ಹಿಂದಿನಿಂದ ಲಯಬದ್ಧವಾಗಿ ಗೊರಕೆ ಬಂದರೆ, ಬೆಳಗಿನ ಮೂರು ಗಂಟೆಗೆ ಅದು ಅಂಟುರೋಗ.

ವಾಸನೆಯ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಮ್ಮೆ ನಮ್ಮ ಕಡೆಯವರೇ ಒಬ್ಬರು ಪೈಲಟ್, ಹೆಸರು ಬೇಡ, ಜಂಪ್‌ಸೀಟಿನಲ್ಲಿ ಬಂದರು. ಕ್ಯಾಬಿನ್ ಬ್ಯಾಗಿನಲ್ಲಿ ಸ್ಟೀಲಿನ ಡಬ್ಬ, ಡಬ್ಬದಲ್ಲಿ ತುಳುವ ಹಲಸಿನ ಸೊಳೆ. ಜೂನ್ ತಿಂಗಳು, ಊರಿನ ಮರದ ಹಣ್ಣು, ನಮಗೆ ಹಂಚಬೇಕೆಂದು ಪ್ರೀತಿಯಿಂದಲೇ ತಂದದ್ದು. ಮುಚ್ಚಳ ತೆಗೆದದ್ದೇ ತಡ, ಇಡೀ ಕಾಕ್‌ಪಿಟ್ಟಿಗೆ ಅದೇ ಪರಿಮಳ. ಬಲಗಡೆ ಇದ್ದ ಚಂಡೀಗಢದ ಹುಡುಗಿ ಎಂತದೋ ಸೋರುತ್ತಾ ಉಂಟು ಎಂದು ಪ್ಯಾನೆಲ್ ನೋಡಲಿಕ್ಕೆ ಶುರು ಮಾಡಿದಳು! ನಗಬೇಡಿ, ಅವಳು ಮಾಡಿದ್ದು ಸರಿಯೇ. ಪೈಲಟ್‌ಗೆ ಮೂಗೂ ಒಂದು ಉಪಕರಣ. ವಯರ್ ಕರಟುವ ವಾಸನೆ, ಎಂಜಿನ್ ಎಣ್ಣೆಯ ಹಳಸಲು ವಾಸನೆ, ಇವು ಎಷ್ಟೋ ಸಲ ಯಾವ ದೀಪ ಉರಿಯುವುದಕ್ಕೂ ಮೊದಲು ಮೂಗಿಗೆ ಗೊತ್ತಾಗುತ್ತವೆ. ಗಾಢವಾದ ಅತ್ತರು, ಒಣಮೀನಿನ ಪೊಟ್ಟಣ, ಹಲಸು, ಇವೆಲ್ಲ ಆ ಉಪಕರಣಕ್ಕೆ ಪರದೆ ಎಳೆದ ಹಾಗೆ. ಹಣ್ಣನ್ನು ಇಳಿದ ಮೇಲೆ ತಿಂದೆವು, ಒಂದು ಸೊಳೆಯನ್ನೂ ಬಿಡಲಿಲ್ಲ.

ಕಾಫಿಯ ಕಪ್ಪನ್ನು ನಡುದಿಂಡಿನ ಮೇಲೆ ಇಡಬಾರದು ಎಂದು ಬೇರೆ ಹೇಳಬೇಕಾಗಿಲ್ಲ ಅಂದುಕೊಂಡಿದ್ದೆ. 2023ರ ಹೋಳಿ ಹಬ್ಬಕ್ಕೆ ದೆಹಲಿಯಿಂದ ಗುವಾಹಟಿಗೆ ಹೋಗುವ ವಿಮಾನದಲ್ಲಿ, 37,000 ಅಡಿ ಎತ್ತರದಲ್ಲಿ, ಪೈಲಟ್‌ಗಳೇ ಅಲ್ಲಿ ಕಪ್ಪು ಇಟ್ಟುಕೊಂಡು, ಕೈಯಲ್ಲಿ ಗುಜಿಯಾ ಹಿಡಿದ ಫೋಟೋ ದೇಶಕ್ಕೆಲ್ಲ ಹಬ್ಬಿತು. ಇಬ್ಬರನ್ನೂ ಡ್ಯೂಟಿಯಿಂದ ಇಳಿಸಿದರು. ಮನೆಯವರೇ ಹೀಗೆ ಮಾಡಿದರೆ ಅತಿಥಿಗೆ ಬುದ್ಧಿ ಹೇಳುವ ಬಾಯಿ ಎಲ್ಲಿಂದ ಬರಬೇಕು?

ಇನ್ನು ಮಾತು. 10,000 ಅಡಿಗಿಂತ ಕೆಳಗೆ, ಅಂದರೆ ಏರುವಾಗ, ಇಳಿಯುವಾಗ, ನೆಲದಲ್ಲಿ ಟ್ಯಾಕ್ಸಿ ಮಾಡುವಾಗ, ಹಾರಾಟಕ್ಕೆ ಬೇಡದ ಒಂದು ಶಬ್ದವೂ ಆಡಬಾರದು. ಇದನ್ನು ಸ್ಟರೈಲ್ ಕಾಕ್‌ಪಿಟ್ ಎನ್ನುತ್ತಾರೆ. ಅಮೆರಿಕದಲ್ಲಿ 1981ರಲ್ಲಿ ಕಾನೂನಾಗಿ ಬಂತು. ಅದರ ಹಿಂದೆ 1974ರ ಸೆಪ್ಟೆಂಬರ್ 11ರ ಒಂದು ಬೆಳಿಗ್ಗೆ ಉಂಟು. ಈಸ್ಟರ್ನ್ ಏರ್‌ಲೈನ್ಸ್‌ನ 212ನೇ ಫ್ಲೈಟ್ ಶಾರ್ಲಟ್ ಊರಿನಲ್ಲಿ ಮಂಜಿನ ನಡುವೆ ಇಳಿಯುತ್ತಾ ಇತ್ತು. ಪೈಲಟ್‌ಗಳು ರಾಜಕೀಯದಿಂದ ಹಿಡಿದು ಹಳೆ ಕಾರಿನವರೆಗೆ ಮಾತಾಡುತ್ತಾ ಎತ್ತರದ ಲೆಕ್ಕ ಬಿಟ್ಟರು. 82 ಜನರಲ್ಲಿ 72 ಜನ ಸತ್ತರು. ಆ ಇಬ್ಬರ ಮಾತಿನಲ್ಲಿ ಕೆಟ್ಟದ್ದು ಎನ್ನುವಂಥದ್ದು ಏನೂ ಇರಲಿಲ್ಲ. ನಮ್ಮ ತಾಲೂಕು ಆಫೀಸಿನ ಮುಂದಿನ ಚಹಾದಂಗಡಿಯಲ್ಲಿ ದಿನಾ ಆಡುವಂಥ ಮಾತು.

ಆ ಕಾನೂನು ಬಂದು ಏಳು ವರ್ಷವಾದ ಮೇಲೆ, 1988ರ ಆಗಸ್ಟ್ 31ರಂದು, ಡಲ್ಲಾಸ್‌ನಲ್ಲಿ ಡೆಲ್ಟಾ 1141. ಟೇಕಾಫ್‌ಗೆ ಸಾಲುಗಟ್ಟಿ ಕಾಯುವ ಹೊತ್ತು. ಗಗನಸಖಿಯೊಬ್ಬರು ಕಾಕ್‌ಪಿಟ್ಟಿಗೆ ಬಂದು ಹರಟೆಗೆ ಸೇರಿದರು. ಎಲ್ಲರೂ ನಗುತ್ತಾ ಇದ್ದರು. ಅದರ ಹಿಂದಿನ ವರ್ಷದ ಇನ್ನೊಂದು ಅಪಘಾತದಲ್ಲಿ ಪೈಲಟ್‌ಗಳ ಖಾಸಗಿ ಮಾತು ರೆಕಾರ್ಡರಿನಲ್ಲಿ ಸಿಕ್ಕಿದ್ದರ ಬಗ್ಗೆಯೂ ತಮಾಷೆ ನಡೆಯಿತು. ಮೇಲೇರಲಿಕ್ಕೆ ಬೇಕಾದ, ರೆಕ್ಕೆಯ ಹಿಂಬದಿಯ ಫ್ಲಾಪ್ ಎಂಬ ಹಲಗೆ ಬಿಡಿಸುವುದೇ ಮರೆತುಹೋಯಿತು, ಎಚ್ಚರಿಸಬೇಕಾದ ಹಾರ್ನ್ ಕೂಡ ಕೂಗಲಿಲ್ಲ. 14 ಜನ ಹೋದರು. ಬಂದ ಅತಿಥಿ ತಪ್ಪು ಮಾಡಿದರು ಎಂದು ನಾನು ಹೇಳುವುದಿಲ್ಲ. ತಡೆಯಬೇಕಾದವರು ಪೈಲಟ್‌ಗಳು. ಆದರೆ ಮೂರನೆಯವರೊಬ್ಬರು ಒಳಗೆ ಬಂದ ಕೂಡಲೇ ಆ ಕೋಣೆ ಕೂಟವಾಗಿಬಿಡುತ್ತದೆ. ಮನುಷ್ಯರ ಸ್ವಭಾವವೇ ಹಾಗೆ, ನೆಂಟರು ಬಂದಾಗ ಒಲೆಯ ಮೇಲಿನ ಹಾಲಿನ ನೆನಪಿರುವುದಿಲ್ಲ.

ಹಾಗಾದರೆ ಮೇಲೆ, ಸಮತಲದಲ್ಲಿ ಹಾರುವಾಗ ಬೇಕಾದಷ್ಟು ಮಾತಾಡಬಹುದಾ? ಆಡಬಹುದು. ಆದರೆ ಶುರು ಮಾಡುವವರು ಮುಂದಿನವರಾಗಬೇಕು. ರೇಡಿಯೋದಲ್ಲಿ ಎಟಿಸಿ ನಮ್ಮ ನಂಬರ್ ಕರೆದ ಕೂಡಲೇ ಅತಿಥಿ ವಾಕ್ಯದ ನಡುವಿನಲ್ಲೇ ನಿಲ್ಲಿಸಬೇಕು. ಅದಕ್ಕಾಗಿಯೇ ಅವನಿಗೂ ಹೆಡ್‌ಸೆಟ್ ಕೊಡುವುದು. ವಿಷಯದಲ್ಲೂ ವಿವೇಕ ಬೇಕು. ಮ್ಯಾನೇಜ್‌ಮೆಂಟಿನ ಮೇಲಿನ ಸಿಟ್ಟು, ಪ್ರಮೋಷನ್ ಸಿಕ್ಕದ ದುಃಖ, ರೋಸ್ಟರ್ ಹಾಕುವವನ ಜಾತಕ, ಇದನ್ನೆಲ್ಲ ಎರಡೂವರೆ ಗಂಟೆ ಹೊತ್ತು ಹಿಂದಿನಿಂದ ಸುರಿದರೆ ಮುಂದಿನವರಿಗೆ ಎದ್ದು ಹೋಗುವ ದಾರಿ ಇಲ್ಲ. ಬಾಗಿಲಿಗೆ ಅಡ್ಡ ಕೂತವನೇ ಅವನು.

ನಮ್ಮದು ಸಪ್ತಭಾಷೆಯ ಊರು ಎಂದು ನಾವು ಹೆಮ್ಮೆಪಡುತ್ತೇವೆ, ಪಡಬೇಕಾದ್ದೇ. ಮನೆಯಲ್ಲಿ ಹವ್ಯಕ ಕನ್ನಡವೋ ತುಳುವೋ, ಪೇಟೆಯಲ್ಲಿ ಮಲಯಾಳ, ಬಸ್ಸಿನಲ್ಲಿ ಪಕ್ಕದವರ ಜೊತೆ ಕೊಂಕಣಿ ಅಥವಾ ಬ್ಯಾರಿ. ಭಾಷೆ ಬದಲಿಸುವುದು ನಮಗೆ ಉಸಿರಾಡಿದಷ್ಟೇ ಸಲೀಸು. ಕಾಕ್‌ಪಿಟ್ಟಿನಲ್ಲಿ ಈ ಸಲೀಸೇ ಕೆಡುಕು. ಕ್ಯಾಪ್ಟನ್ ಮಂಜೇಶ್ವರದವರು, ಅತಿಥಿ ಉಪ್ಪಳದವನು ಎಂದಾದರೆ ಐದು ನಿಮಿಷದಲ್ಲಿ "ಎಂಚ ಉಲ್ಲರ್?" (ಹೇಗಿದ್ದೀರಿ?) ಎಂದು ತುಳು ಶುರು. ಬಲಗಡೆ ಕೂತ ಲಕ್ನೋದವನಿಗೆ ಒಂದಕ್ಷರ ತಿಳಿಯುವುದಿಲ್ಲ. ತನ್ನನ್ನೇ ಆಡಿಕೊಂಡು ನಗುತ್ತಾ ಇದ್ದಾರೋ ಎಂಬ ಸಂಶಯ ಅವನಿಗೆ. ಅಷ್ಟೇ ಆದರೆ ಪರವಾಗಿಲ್ಲ ಎನ್ನಬಹುದು. ಆ ಸಂಕೋಚದಲ್ಲಿ ಅವನು ಹೇಳಬೇಕಾದ ಒಂದು ಮಾತನ್ನು ನುಂಗಿದರೆ? ಮೂವರಿಗೂ ತಿಳಿಯುವ ಭಾಷೆಯಲ್ಲೇ ಮಾತು, ಇಲ್ಲವಾದರೆ ಮಾತೇ ಬೇಡ. ತುಳು ಮಾತಾಡಲಿಕ್ಕೆ ಇಳಿದ ಮೇಲೆ ಇಡೀ ಸಂಜೆ ಉಂಟಲ್ಲ.

ಹಿರಿತನದ ಮುಜುಗರ ನಮ್ಮ ದೇಶದಲ್ಲಿ ಸ್ವಲ್ಪ ಹೆಚ್ಚೇ. ಹೊಸದಾಗಿ ಕ್ಯಾಪ್ಟನ್ ಆದವನು ಎಡಗಡೆ ಕೂತಿದ್ದಾನೆ. ಅವನಿಗೆ ಪಾಠ ಹೇಳಿದ ಗುರುಗಳೇ ಜಂಪ್‌ಸೀಟಿನಲ್ಲಿ ಬಂದು ಕೂತರು. ಶಿಷ್ಯನಿಗೆ ಕೈಕಾಲು ಓಡುವುದಿಲ್ಲ. ಪ್ರತಿ ಸ್ವಿಚ್ ಹಾಕುವಾಗಲೂ ಕತ್ತು ಅರ್ಧ ಹಿಂದೆ ತಿರುಗುತ್ತದೆ. ಆಗ ದೊಡ್ಡವರ ದೊಡ್ಡತನ ಗೊತ್ತಾಗಬೇಕು. ನಾನು ಬಹಳ ಗೌರವಿಸುವ ಒಬ್ಬರು ಕೂರುವ ಮೊದಲೇ ಹೇಳುತ್ತಿದ್ದರು: "ಕ್ಯಾಪ್ಟನ್, ಇವತ್ತು ವಿಮಾನ ನಿಮ್ಮದು, ನಾನು ಲಗೇಜು. ಆದರೆ ಕಣ್ಣಿರುವ ಲಗೇಜು." ಆಮೇಲೆ ಇಡೀ ದಾರಿ ಬಾಯಿ ಬಿಡುತ್ತಿರಲಿಲ್ಲ. ಇನ್ನು ಕೆಲವರು ಉಂಟು, ಮಾತಾಡದೆಯೇ ಕಾಟ ಕೊಡುವವರು. ನೆಲ ಹತ್ತಿರ ಬರುತ್ತಿದ್ದ ಹಾಗೆ ಹಿಂದಿನಿಂದ 'ಸ್ಸ್' ಎಂದು ಉಸಿರು ಎಳೆಯುತ್ತಾರೆ. ಇಲ್ಲದ ಬ್ರೇಕನ್ನು ಕಾಲಿನಲ್ಲಿ ಒತ್ತುತ್ತಾರೆ, ಬೂಟಿನ ಸದ್ದು ಕೇಳುತ್ತದೆ. ವಿಮಾನ ಸ್ವಲ್ಪ ಗಟ್ಟಿಯಾಗಿ ಕೂತಿತೋ, "ಒಂದಾ, ಎರಡಾ ಲ್ಯಾಂಡಿಂಗು? ಲಾಗ್‌ಬುಕ್ಕಿಗೆ ಎಷ್ಟು ಬರೀತೀರಿ?" ಎಂಬ ಹಳಸಿದ ಜೋಕು. ಲ್ಯಾಂಡಿಂಗ್ ಕೆಟ್ಟದಾಗಿತ್ತು ಎಂದು ಹಾರಿಸಿದವನಿಗೇ ಎಲ್ಲರಿಗಿಂತ ಮೊದಲು ಗೊತ್ತು. ಥ್ಯಾಂಕ್ಸ್ ಹೇಳಿ ಇಳಿದುಹೋಗುವುದು ಮರ್ಯಾದೆ.

ಆತಿಥ್ಯದ ಕೆಲಸ ಕ್ಯಾಪ್ಟನ್‌ದೂ ಉಂಟು, ಅದನ್ನು ಮರೆಯುವವರೇ ಹೆಚ್ಚು. ಅತಿಥಿಗೆ ಬೆಲ್ಟ್ ಹೇಗೆ, ಆಕ್ಸಿಜನ್ ಮಾಸ್ಕ್ ಎಲ್ಲಿ, ಅವಸರಕ್ಕೆ ಕಿಟಕಿಯಿಂದ ಹಗ್ಗ ಹಿಡಿದು ಇಳಿಯುವುದು ಹೇಗೆ ಎಂದು ತೋರಿಸಿಕೊಡಬೇಕು. ಅವನೂ ಪೈಲಟ್ ಅಲ್ಲವಾ, ಅವನಿಗೆ ಗೊತ್ತಿರುತ್ತದೆ ಎಂದು ಬಿಡಬಾರದು. ಏರ್‌ಬಸ್‌ನವನಿಗೆ ಬೋಯಿಂಗ್‌ನ ಮಾಸ್ಕ್ ಎಲ್ಲಿದೆಯೆಂದು ಗೊತ್ತಿರಬೇಕಾಗಿಲ್ಲ. ಇದಕ್ಕಿಂತ ಕೆಟ್ಟದು ಪ್ರೇಕ್ಷಕ ಸಿಕ್ಕಿದ ಎಂದು ಆಟ ತೋರಿಸುವ ಕ್ಯಾಪ್ಟನ್. ಹೊಸ ಹುಡುಗ ಹಿಂದೆ ಕೂತಿದ್ದಾನೆಂದು ಆಟೋಪೈಲಟ್ ಬೇಗ ತೆಗೆಯುವುದು, ಬಲಗಡೆಯವನನ್ನು ಅವನ ಮುಂದೆ ಹಂಗಿಸುವುದು, ಹಳೆ ಸಾಹಸಗಳನ್ನು ಬಿಡಿಸಿ ಹೇಳುವುದು. ನನ್ನನ್ನು ಕೇಳಿದರೆ ಅತಿಥಿಯ ಅಸಭ್ಯತೆಗಿಂತ ಇದರ ಅಪಾಯವೇ ದೊಡ್ಡದು. ಅತಿಥಿಯ ಕೈಯಲ್ಲಿ ಕಂಟ್ರೋಲ್ ಇರುವುದಿಲ್ಲ, ಇವರ ಕೈಯಲ್ಲಿ ಇರುತ್ತದೆ.

ಮದುವೆ ಮನೆಗಳಲ್ಲಿ ಮನೆಯ ಹುಡುಗನ ಬಗ್ಗೆ ನನಗೆ ಈಗಲೂ ಬರುವ ಪ್ರಶ್ನೆ ಒಂದುಂಟು: "ಕ್ಯಾಪ್ಟನ್ ಭಾವಾ, ನಮ್ಮ ಮಾಣಿಯನ್ನು ಒಮ್ಮೆ ಮುಂದೆ ಕೂರಿಸಲಿಕ್ಕೆ ಆಗ್ತದಾ?" ಹಿಂದೆ ಆಗುತ್ತಿತ್ತು. ಎಂಬತ್ತು ತೊಂಬತ್ತರ ದಶಕದಲ್ಲಿ ಗಲ್ಫಿನಿಂದ ಬರುವಾಗ ಕಾಕ್‌ಪಿಟ್ ನೋಡಿ ಬಂದವರು ಇಲ್ಲೂ ಇರಬಹುದು. 2001ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಲೆ ದಾಳಿ ಆದ ಮೇಲೆ ಆ ಬಾಗಿಲು ಮುಚ್ಚಿತು. ಆದರೆ ಮುಚ್ಚಬೇಕಾದ ಕಾರಣ ಅದಕ್ಕೂ ಮೊದಲೇ ಇತ್ತು. 1994ರ ಮಾರ್ಚ್ 23ರಂದು ಏರೋಫ್ಲಾಟ್‌ನ ಎ310 ವಿಮಾನ ಮಾಸ್ಕೋದಿಂದ ಹಾಂಗ್‌ಕಾಂಗಿಗೆ ಹೋಗುತ್ತಿತ್ತು. ಪೈಲಟ್ ತನ್ನ ಮಕ್ಕಳನ್ನು ಸರದಿಯಲ್ಲಿ ಎಡಗಡೆಯ ಸೀಟಿನಲ್ಲಿ ಕೂರಿಸಿದ. ಹದಿನೈದರ ಹುಡುಗ ಕಂಟ್ರೋಲನ್ನು ಒತ್ತಿ ಹಿಡಿದದ್ದಕ್ಕೆ ಆಟೋಪೈಲಟ್ ತನ್ನ ಕೆಲಸದ ಒಂದು ಭಾಗವನ್ನು ಬಿಟ್ಟುಕೊಟ್ಟಿತು. ಅಷ್ಟು ಮಾತ್ರ ಬಿಟ್ಟದ್ದು ಯಾರ ಗಮನಕ್ಕೂ ಬರಲಿಲ್ಲ. ವಿಮಾನದಲ್ಲಿದ್ದ 75 ಜನರೂ ಸತ್ತರು. ನಮ್ಮಲ್ಲಿ 2023ರ ಫೆಬ್ರವರಿಯಲ್ಲಿ ದುಬೈ–ದೆಹಲಿ ಏರ್ ಇಂಡಿಯಾ ವಿಮಾನದಲ್ಲಿ ಪೈಲಟ್ ತನ್ನ ಗೆಳತಿಯನ್ನು ಕಾಕ್‌ಪಿಟ್ಟಿಗೆ ಕರೆದದ್ದಕ್ಕೆ ಡಿಜಿಸಿಎ ಕಂಪನಿಗೆ 30 ಲಕ್ಷ ರೂಪಾಯಿ ದಂಡ ಹಾಕಿತು, ಪೈಲಟ್‌ನ ಲೈಸೆನ್ಸನ್ನು ಮೂರು ತಿಂಗಳು ಅಮಾನತಿನಲ್ಲಿಟ್ಟಿತು. ಹಾಗಾಗಿ ಮಾಣಿಯ ವಿಷಯದಲ್ಲಿ ನನ್ನ ಉತ್ತರ: ಇಳಿದು, ಎಂಜಿನ್ ಆರಿಸಿ, ಜನರೆಲ್ಲ ಇಳಿಯುತ್ತಾ ಇರುವಾಗ ಕೇಳಿ ನೋಡಿ. ಒಳ್ಳೆಯ ಮನಸ್ಸಿನ ಕ್ಯಾಪ್ಟನ್ ಆದರೆ ಒಂದು ನಿಮಿಷ ತೋರಿಸಬಹುದು.

ನಂಬಿಕೆಯ ವಿಷಯಕ್ಕೆ ಬರುತ್ತೇನೆ. ಜಂಪ್‌ಸೀಟಿನವನಿಗೆ ಬೆನ್ನು ಕೊಟ್ಟು ಕೂರುತ್ತೇವೆ. ಆ ಬೆನ್ನಿಗೇ ಏಟು ಬಿದ್ದದ್ದೂ ಉಂಟು. 1994ರ ಏಪ್ರಿಲ್ 7ರಂದು ಮೆಂಫಿಸ್‌ನಿಂದ ಹೊರಟ ಫೆಡೆಕ್ಸ್ 705, ಸರಕು ಸಾಗಿಸುವ ಡಿಸಿ-10. ಅದೇ ಕಂಪನಿಯ ಫ್ಲೈಟ್ ಎಂಜಿನಿಯರ್ ಒಬ್ಬ, ಶಿಸ್ತುಕ್ರಮ ಎದುರಿಸುತ್ತಿದ್ದವನು, ಹೀಗೇ ಲಿಫ್ಟ್ ಕೇಳಿ ಹತ್ತಿದ. ಗಿಟಾರ್ ಪೆಟ್ಟಿಗೆಯಲ್ಲಿ ಸುತ್ತಿಗೆಗಳು, ಮೀನಿಗೆ ಹೊಡೆಯುವ ಈಟಿ ಗನ್ನು. ಮೂವರು ಸಿಬ್ಬಂದಿಯ ತಲೆ ಒಡೆದ. ಆ ಸ್ಥಿತಿಯಲ್ಲೂ ಒಬ್ಬರು ದೊಡ್ಡ ವಿಮಾನವನ್ನು ಅಡಿಮೇಲು ಮಾಡಿ ಅವನ ಕಾಲು ನಿಲ್ಲದಂತೆ ಮಾಡಿದರು, ಇನ್ನಿಬ್ಬರು ಹಿಡಿದು ಸೆಣಸಿದರು, ವಾಪಸ್ ಮೆಂಫಿಸ್‌ನಲ್ಲೇ ಇಳಿಸಿದರು. ಬದುಕಿದರು, ಆದರೆ ಮೂವರಲ್ಲಿ ಯಾರೂ ಮತ್ತೆ ಆ ಕೆಲಸಕ್ಕೆ ಮರಳುವಂತಾಗಲಿಲ್ಲ. 2023ರ ಅಕ್ಟೋಬರ್ 22ರದ್ದು ಬೇರೆಯೇ ತರ. ಎವರೆಟ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವ ಎಂಬ್ರೇಯರ್ ವಿಮಾನದ ಜಂಪ್‌ಸೀಟಿನಲ್ಲಿ ಡ್ಯೂಟಿ ಇಲ್ಲದ ಪೈಲಟ್. ಹವಾಮಾನ, ವಿಮಾನ ಎಂದು ಲೋಕಾಭಿರಾಮ ಮಾತಾಡುತ್ತಾ ಇದ್ದವನು ಇದ್ದಕ್ಕಿದ್ದ ಹಾಗೆ ತನಗೆ ಸರಿಯಿಲ್ಲ ಎಂದು ಹೇಳಿ, ಎಂಜಿನ್‌ಗೆ ಬೆಂಕಿ ಬಿದ್ದಾಗ ಇಂಧನ ಕಡಿಯುವ ಎರಡೂ ಹ್ಯಾಂಡಲ್‌ಗಳಿಗೆ ಕೈ ಹಾಕಿದ. ಪೈಲಟ್‌ಗಳು ಅವನ ಕೈ ಹಿಡಿದರು, ಹ್ಯಾಂಡಲ್ ಪೂರ್ತಿ ಎಳೆಯಲಾಗಲಿಲ್ಲ, ಪೋರ್ಟ್‌ಲ್ಯಾಂಡಿನಲ್ಲಿ ಇಳಿಸಿದರು. ಅವನು ದಿನಗಳ ಹಿಂದೆ ಅಮಲಿನ ಅಣಬೆ ತಿಂದಿದ್ದ, ಸರಿಯಾಗಿ ನಿದ್ದೆ ಇಲ್ಲದೆ ಬಳಲಿದ್ದ. ಆ ಹಾರಾಟದ ನೆನಪಿನಲ್ಲಿ ಎಲ್ಲ ಅತಿಥಿಗಳನ್ನೂ ಕಳ್ಳರಂತೆ ನೋಡಬೇಕು ಎಂದು ನನಗೆ ಅನ್ನಿಸುವುದಿಲ್ಲ. ಹೊಸ್ತಿಲಲ್ಲಿ ನಿಂತಾಗ ಮಾಡುವ ಆ ಎರಡು ನಿಮಿಷದ ಪರಿಚಯ, ಕಣ್ಣಲ್ಲಿ ಕಣ್ಣಿಟ್ಟು "ನಿದ್ದೆ ಆಯಿತಾ? ಆರಾಮ ಇದ್ದೀರಾ?" ಎಂದು ಕೇಳುವುದು ಬರೀ ಉಪಚಾರದ ಮಾತಲ್ಲ ಎಂದು ಮಾತ್ರ ಹೇಳುತ್ತೇನೆ.

ಈಗ ಬಾಯಿ ಬಿಡಬೇಕಾದ ಹೊತ್ತಿನ ಕತೆ. 2018ರ ಅಕ್ಟೋಬರ್ 28ರ ರಾತ್ರಿ ಬಾಲಿಯ ಡೆನ್‌ಪಸಾರ್‌ನಿಂದ ಜಕಾರ್ತಾಕ್ಕೆ ಲಯನ್ ಏರ್‌ನ 737 ಮ್ಯಾಕ್ಸ್ ಹೊರಟಿತು. ಏರಿದ ಕೂಡಲೇ ಕ್ಯಾಪ್ಟನ್ ಬದಿಯ ಕಂಟ್ರೋಲ್ ಗಡಗಡ ನಡುಗಲಿಕ್ಕೆ ಶುರು, ಮೂತಿ ತಾನಾಗಿ ಕೆಳಗೆ ಬಗ್ಗುತ್ತಾ ಇತ್ತು. ಆ ದಿನ ಜಂಪ್‌ಸೀಟಿನಲ್ಲಿ ಡ್ಯೂಟಿ ಇಲ್ಲದ ಒಬ್ಬ ಪೈಲಟ್ ಇದ್ದರು. ಮುಂದಿನ ಇಬ್ಬರು ವಿಮಾನದ ಜೊತೆ ಗುದ್ದಾಡುತ್ತಾ ಇರುವಾಗ ಅವರಿಗೆ ಇಡೀ ಚಿತ್ರ ಕಾಣುತ್ತಿತ್ತು. ಸುದ್ದಿಯಾದ ಪ್ರಕಾರ, ಮೂತಿಯನ್ನು ಬಗ್ಗಿಸುತ್ತಿದ್ದ ಟ್ರಿಮ್ ಮೋಟಾರಿನ ಕರೆಂಟ್ ಕಡಿಯುವ ಸ್ವಿಚ್ಚನ್ನು ಅವರೇ ನೆನಪಿಸಿದರು. ಸ್ವಿಚ್ ಹಾಕಿದರು, ವಿಮಾನ ಹತೋಟಿಗೆ ಬಂತು, ಜಕಾರ್ತಾ ಸೇರಿತು. ಆದರೆ ತೊಂದರೆಯನ್ನು ವಿಮಾನದ ದಾಖಲೆ ಪುಸ್ತಕದಲ್ಲಿ ಪೂರ್ತಿಯಾಗಿ ಬರೆದಿಡಲಿಲ್ಲ. ಮರುದಿನ ಬೆಳಿಗ್ಗೆ ಅದೇ ವಿಮಾನ, ಬೇರೆ ಸಿಬ್ಬಂದಿ, ಅದೇ ತೊಂದರೆ. ಸಮುದ್ರಕ್ಕೆ ಬಿತ್ತು, 189 ಜನ ಹೋದರು. ಮೂಲದೋಷ ಮ್ಯಾಕ್ಸ್‌ನ ವಿನ್ಯಾಸದಲ್ಲಿತ್ತು, ದುರಸ್ತಿಯಲ್ಲಿತ್ತು, ತರಬೇತಿಯಲ್ಲಿತ್ತು. ಅದನ್ನು ಮೂರನೇ ಸೀಟಿನ ಮಹಿಮೆಯ ಕತೆಯಾಗಿ ಹೇಳುವುದು ಸತ್ತವರಿಗೆ ಮಾಡುವ ಅನ್ಯಾಯ. ಆದರೂ ಕೈಗೆ ಕೆಲಸವಿಲ್ಲದವನ ಕಣ್ಣಿಗೆ ಕಾಣುವುದು ಕೈ ತುಂಬ ಕೆಲಸ ಇರುವವನಿಗೆ ಕಾಣುವುದಿಲ್ಲ ಎನ್ನಲಿಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

1989ರ ಜುಲೈ 19ರ ಯುನೈಟೆಡ್ 232 ಅನ್ನೂ ಇಲ್ಲಿ ನೆನೆಯಬೇಕು. ಬಾಲದ ಎಂಜಿನ್ ಸಿಡಿದು, ಕಂಟ್ರೋಲ್ ನಡೆಸುವ ಹೈಡ್ರಾಲಿಕ್ ದ್ರವ ಎಲ್ಲ ಸೋರಿಹೋದ ಡಿಸಿ-10ರಲ್ಲಿ ಡೆನ್ನಿ ಫಿಚ್ ಎಂಬ ತರಬೇತುದಾರ ಪೈಲಟ್ ಪ್ರಯಾಣಿಕನಾಗಿ ಹಿಂದೆ ಕೂತಿದ್ದರು. ಅವರು ಎದ್ದು ಮುಂದೆ ನುಗ್ಗಲಿಲ್ಲ. ಗಗನಸಖಿಯ ಮೂಲಕ ಹೇಳಿ ಕಳಿಸಿದರು, ಸಹಾಯ ಬೇಕಾದರೆ ನಾನಿದ್ದೇನೆ ಎಂದು. ಕ್ಯಾಪ್ಟನ್ ಆಲ್ ಹೇನ್ಸ್ ಬನ್ನಿ ಎಂದರು. ಬಂದ ಮೇಲೆ ಹೇಳಿದ ಕೆಲಸ ಹಿಡಿದರು: ಇಬ್ಬರ ನಡುವೆ ಕೂತು ಎರಡು ಥ್ರಾಟಲ್‌ಗಳನ್ನು ಹೆಚ್ಚುಕಮ್ಮಿ ಮಾಡುತ್ತಾ ವಿಮಾನವನ್ನು ತಿರುಗಿಸುವುದು. ಸೂ ಸಿಟಿಯಲ್ಲಿ ಅಪ್ಪಳಿಸಿದರೂ 296ರಲ್ಲಿ 184 ಜನ ಬದುಕಿದರು. 2010ರ ನವೆಂಬರ್ 4ರಂದು ಸಿಂಗಾಪುರದಿಂದ ಹೊರಟ ಕ್ವಾಂಟಾಸ್‌ನ ಎ380ಯಲ್ಲಿ ಎಂಜಿನ್ ಒಡೆದಾಗ ಕಾಕ್‌ಪಿಟ್ಟಿನಲ್ಲಿ ಐದು ಜನ ಪೈಲಟ್‌ಗಳಿದ್ದರು. ಅವರಲ್ಲಿ ಇಬ್ಬರು ಪರೀಕ್ಷಕರು. ಐದು ಬಾಯಿ ಒಟ್ಟಿಗೆ ತೆರೆದಿದ್ದರೆ ಏನಾಗುತ್ತಿತ್ತೋ! ತೆರೆಯಲಿಲ್ಲ. ಕೆಲಸ ಹಂಚಿಕೊಂಡು, ಒಬ್ಬರು ಹಿಂದೆ ಹೋಗಿ ರೆಕ್ಕೆ ನೋಡಿ ಬಂದು, ಸುಮಾರು ಎರಡು ಗಂಟೆಯ ನಂತರ 469 ಜನರನ್ನೂ ಇಳಿಸಿದರು.

ಇನ್ನೊಂದನ್ನು ಈ ಊರಿನಲ್ಲಿ ನಿಂತು ಹೇಳುವುದು ಕಷ್ಟ, ಹೇಳದೆ ಇರುವುದೂ ಸರಿಯಲ್ಲ. 2010ರ ಮೇ 22. ದುಬೈಯಿಂದ ಬಜ್ಪೆಗೆ ಬಂದ ವಿಮಾನ. ಅಪಘಾತದಲ್ಲಿ 158 ಜನ ಸತ್ತರು, ಅವರಲ್ಲಿ ಎಷ್ಟೋ ಮಂದಿ ನಮ್ಮ ಜಿಲ್ಲೆಯವರು. ಬದುಕಿದವರು ಎಂಟೇ ಜನ. ಆ ಕಾಕ್‌ಪಿಟ್ಟಿನಲ್ಲಿ ಮೂರನೆಯವರು ಇರಲಿಲ್ಲ. ಆದರೆ ಎರಡನೆಯವರು, ಅಂದರೆ ಫಸ್ಟ್ ಆಫೀಸರ್, ಇಳಿಸುವುದು ಬೇಡ, ಗೋ ಅರೌಂಡ್ ಮಾಡಿ, ಅಂದರೆ ಮತ್ತೆ ಮೇಲೇರಿಸಿ ಎಂದು ಮೂರು ಸಲ ಹೇಳಿದ್ದು ತನಿಖೆಯಲ್ಲಿ ದಾಖಲಾಗಿದೆ. ಕ್ಯಾಪ್ಟನ್ ಆ ಪ್ರಯಾಣದ ಬಹುಪಾಲು ನಿದ್ದೆಯಲ್ಲಿದ್ದರು, ಎದ್ದ ಮೇಲೆ ಮಂಪರು. ತನ್ನ ಕೈಯಲ್ಲೂ ಕಂಟ್ರೋಲ್ ಇದ್ದವನ ಮಾತೇ ಕಿವಿಗೆ ಬೀಳದಿರುವಾಗ, ಹಿಂದೆ ಮಡಚುವ ಸೀಟಿನಲ್ಲಿ ಕೂತವನ ಮಾತು ಬೀಳುವ ಹಾಗೆ ಆಡುವುದು ಹೇಗೆ?

ಅದಕ್ಕೂ ಕ್ರಮ ಉಂಟು. ಕಂಡದ್ದನ್ನು ಹೇಳಬೇಕು, ಸಲಹೆಯನ್ನಲ್ಲ. "ಸಾರ್, ಸ್ವಲ್ಪ ಏನೋ ಸರಿ ಇಲ್ಲ ಅನ್ನಿಸ್ತದೆ" ಎಂದು ಗೊಣಗಿದರೆ ಅದು ಗಾಳಿಗೆ. "ಕ್ಯಾಪ್ಟನ್, ಗೇರ್ ಇಳಿದಿಲ್ಲ", ಅಂದರೆ ಚಕ್ರ ಇಳಿದಿಲ್ಲ, ಎಂದರೆ ಮುಗಿಯಿತು. ಮೊದಲು ಕರೆಯುವುದು, ಆಮೇಲೆ ವಿಷಯ, ಮತ್ತೆ ಮೌನ. ಸ್ಟರೈಲ್ ಕಾಕ್‌ಪಿಟ್ ಇದಕ್ಕೆ ಅಡ್ಡಿಯಲ್ಲ. ಹಾರಾಟಕ್ಕೆ ಬೇಕಾದ ಮಾತನ್ನು ಅದು ತಡೆಯುವುದೇ ಇಲ್ಲ. ಕೆಲವು ಹೊಸ ಮಕ್ಕಳು ಅದನ್ನು ತಪ್ಪು ತಿಳಿದು, ಕೆಳಗೆ ಇಳಿಯುವಾಗ ಫ್ಲಾಪ್ ಬಿಡದ್ದನ್ನು ಕಂಡೂ ಬಾಯಿಗೆ ಬೀಗ ಹಾಕಿ ಕೂರುತ್ತಾರೆ. ಪಕ್ಕದ ವಿಮಾನ ರನ್‌ವೇಗೆ ಬರುವುದು ಕಂಡರೆ ಬೆರಳು ತೋರಿಸಿ, ಕೂಗಿ. ಒಂದು ಮಾತ್ರ ಎಂದಿಗೂ ಬೇಡ: ಕೈ ಚಾಚಿ ತಾನೇ ಸ್ವಿಚ್ ಒತ್ತುವುದು. ನಿಮ್ಮ ಎಣಿಕೆ ನೂರಕ್ಕೆ ನೂರು ಸರಿಯೇ ಇರಲಿ, ಮುಂದಿನ ಇಬ್ಬರಿಗೆ ಗೊತ್ತಿಲ್ಲದೆ ಒಂದು ಸ್ವಿಚ್ಚಿನ ಜಾಗ ಬದಲಾದರೆ ಅವರು ಹಾರಿಸುವುದು ತಮ್ಮ ಲೆಕ್ಕದ ವಿಮಾನವನ್ನಲ್ಲ.

ಕೊನೆಯ ಸಾಲಿನಲ್ಲಿ ಕೂತ ಕಾಲೇಜಿನ ಹುಡುಗಿ ಒಂದು ಚೀಟಿ ಕಳಿಸಿದ್ದಾಳೆ: ಹೇಳಿದ ಮೇಲೂ ಕ್ಯಾಪ್ಟನ್ ಕೇಳದಿದ್ದರೆ, ಅಥವಾ ಬಾಯಿ ಮುಚ್ಚಿ ಕೂರು ಎಂದರೆ? ಒಳ್ಳೆಯ ಪ್ರಶ್ನೆ, ನೀನು ಪೈಲಟ್ ಆಗಬೇಕು ತಂಗಿ. ಇನ್ನೊಮ್ಮೆ ಹೇಳು, ಜೋರಾಗಿ. ಈ ಸಲ ಫಸ್ಟ್ ಆಫೀಸರಿನ ಹೆಸರು ಹಿಡಿದು ಹೇಳು, ಕಂಟ್ರೋಲ್ ಇರುವ ಇನ್ನೊಬ್ಬ ಮನುಷ್ಯ ಅವನೇ. ಬೈಗುಳ ಬಿದ್ದರೆ ಬೀಳಲಿ. ಇಳಿದು ಎಂಜಿನ್ ನಿಲ್ಲಿಸಿದ ಮೇಲೆ ಇಬ್ಬರಿಗೂ ಥ್ಯಾಂಕ್ಸ್ ಹೇಳಿ, ಸೀಟು ಮಡಚಿ ಇಟ್ಟು ಹೊರಗೆ ಬಾ, ಹೋಟೆಲ್ ಸೇರಿದ ಕೂಡಲೇ ಸೇಫ್ಟಿ ರಿಪೋರ್ಟ್ ಬರೆ. ರಾತ್ರಿ ಅದೇ ಕ್ಯಾಪ್ಟನ್ ಊಟಕ್ಕೆ ಕರೆದರೆ ಹೋಗು, ಬೇಡ ಎನ್ನಬೇಡ. ಆದರೆ ರಿಪೋರ್ಟ್ ಕಳಿಸಿದ ಮೇಲೆಯೇ ಹೋಗು.